ಸೋಮಾರಿ ಮುಳ್ಳು

ಕೊನೆಯ ನೆಂಟರೂ ಹೊರಟುಹೋದ ಮಾರನೆಯ ಬೆಳಿಗ್ಗೆ ನಾನು ಐದೂಮುಕ್ಕಾಲಿಗೆ ಎದ್ದೆ. ಏಳಕ್ಕೆ ನೀರಿನ ಮೊದಲ ಸ್ಯಾಂಪಲ್ ತೆಗೆಯಬೇಕು. ಹತ್ತು ದಿನದಿಂದ ತೆಗೆದಿರಲಿಲ್ಲ.

ಅತ್ತೆ ನನಗಿಂತ ಮೊದಲೇ ಎದ್ದು, ನೆಂಟರಿಗೆಂದು ಇಳಿಸಿದ್ದ ದೊಡ್ಡ ಪಾತ್ರೆಗಳನ್ನು ಒರೆಸಿ ಅಟ್ಟಕ್ಕೆ ಸೇರಿಸುತ್ತಿದ್ದರು. ನಾನು ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡದ್ದನ್ನು ನೋಡಿದರು.

"ಇವತ್ತೇ ಹೋಗ್ಬೇಕಾ?"

"ಸ್ಯಾಂಪಲ್ ತೆಗೀಬೇಕು ಅತ್ತೆ."

"ನೀನು ತೆಗೀದೇ ಇದ್ರೆ ನೀರು ಹರಿಯಲ್ವಾ?"

"ಹರಿಯುತ್ತೆ. ಅದಕ್ಕೇ ಹೋಗ್ಬೇಕು."

ಅವರು ಪಾತ್ರೆ ಮೇಲಿಟ್ಟ ಸದ್ದು ಸ್ವಲ್ಪ ಜೋರಾಗಿತ್ತು.

ನಾನೂ ನನ್ನ ಗಂಡನೂ ಕೆಲಸ ಮಾಡುತ್ತಿದ್ದದ್ದು ಒಂದೇ ಕಡೆ, ಊರಿನ ನೀರು ಶುದ್ಧಿ ಮಾಡುವ ಕೇಂದ್ರದಲ್ಲಿ. ಲ್ಯಾಬ್ ನನ್ನದು, ಮೆಂಬ್ರೇನ್ ಹಾಲ್ ಅವರದು. ಮನೆಯಿಂದ ಹತ್ತು ನಿಮಿಷದ ದಾರಿ. ತೀರಿಕೊಂಡ ದಿನ ಬೆಳಿಗ್ಗೆ ಅವರು ಚೀಲ ಹೆಗಲಿಗೆ ಹಾಕಿಕೊಂಡು, ಬಾಗಿಲ ಮೆಟ್ಟಿಲ ಮೇಲೆ ಕೂತು ಶೂ ಲೇಸು ಕಟ್ಟುತ್ತಿದ್ದರು. ಒಂದು ಕಾಲಿನದು ಕಟ್ಟಿಯಾಗಿತ್ತು. ಹೃದಯ ಎಂದರು ಡಾಕ್ಟರು. ವಯಸ್ಸು ಮೂವತ್ತನಾಲ್ಕು.

ನಮ್ಮ ಕೇಂದ್ರಕ್ಕೆ ಬರುವ ನದಿ ಮೊದಲು ಎರಡು ಬಟ್ಟೆ ಬಣ್ಣದ ಕಾರ್ಖಾನೆಗಳನ್ನೂ ಊರಿನ ಅರ್ಧ ಚರಂಡಿಯನ್ನೂ ದಾಟಿ ಬರುತ್ತದೆ. ಅಷ್ಟು ಹೊತ್ತಿಗೆ ಅದಕ್ಕೆ ಬಣ್ಣವೂ ಇರುತ್ತದೆ, ನಾತವೂ ಇರುತ್ತದೆ. ಮೊದಲು ಕೆಸರು ತಂಗಿಸುತ್ತೇವೆ. ಆಮೇಲೆ ನೀರಿನೊಳಕ್ಕೆ ಓಝೋನ್ ಅನಿಲ ಊದುತ್ತೇವೆ. ಅದು ಬಣ್ಣವನ್ನು ಮುರಿಯುತ್ತದೆ, ಕ್ರಿಮಿಗಳನ್ನು ಕೊಲ್ಲುತ್ತದೆ. ಕೆಲಸ ಮುಗಿಸಿ ಉಳಿದ ಓಝೋನ್ ಇದ್ದಿಲಿನ ಹಾಸಿನಲ್ಲಿ ಇಂಗಿಹೋಗಬೇಕು. ಇಂಗದೆ ಮುಂದಕ್ಕೆ ಹೋದರೆ ಮೆಂಬ್ರೇನನ್ನೇ ತಿನ್ನುತ್ತದೆ. ಮೆಂಬ್ರೇನ್ ಎಂದರೆ ಆರು ಉದ್ದನೆಯ ಸಿಲಿಂಡರ್. ಒಂದೊಂದರಲ್ಲೂ ಹೊಲಿಗೆ ದಾರದಷ್ಟು ಸಣ್ಣ, ಟೊಳ್ಳಾದ ಎಳೆಗಳು ಸಾವಿರಾರು. ಎಳೆಯ ಗೋಡೆಯ ರಂಧ್ರಗಳಲ್ಲಿ ನೀರು ತೂರುತ್ತದೆ, ಕ್ರಿಮಿ ತೂರುವುದಿಲ್ಲ. ಕೊನೆಗೆ ಒಂದಿಷ್ಟು ಕ್ಲೋರಿನ್ ಹಾಕಿ ಒಂದು ಆಸ್ಪತ್ರೆಗೆ, ಏಳು ಬೀದಿಗಳಿಗೆ ಬಿಡುತ್ತೇವೆ.

ಗೇಟಿನಲ್ಲಿ ಎಲ್ಲರೂ ದನಿ ತಗ್ಗಿಸಿ ಮಾತಾಡಿದರು. ಮೂಗಣ್ಣ ಮಾತ್ರ ಎಂದಿನಂತೆ ಕೂಗಿದ. "ಬಂದ್ಯಾ ತಂಗೀ? ನಿನ್ನ ಮಿಷಿನ್ನು ನನ್ನ ಮಾತೇ ಕೇಳಲ್ಲ. ಗಂಟೆಗೊಂದು ನಂಬರ್ ಹೇಳುತ್ತೆ."

ಮೂಗಣ್ಣ ಹದಿನಾಲ್ಕು ವರ್ಷದಿಂದ ಓಝೋನ್ ವಿಭಾಗದ ಆಪರೇಟರ್. ಓಝೋನ್ ಸೋರಿದರೆ ಮೀಟರಿಗಿಂತ ಮೊದಲು ಅವನ ಮೂಗಿಗೆ ಗೊತ್ತಾಗುತ್ತದೆಂದು ಆ ಹೆಸರು. ಕೇಂದ್ರದಲ್ಲಿ ಎಲ್ಲರಿಗೂ ಆ ಮೂಗಿನ ಮೇಲೆ ನಂಬಿಕೆ. ನಾನಿಲ್ಲದ ದಿನಗಳಲ್ಲಿ ಲ್ಯಾಬನ್ನೂ ಮೆಂಬ್ರೇನ್ ಹಾಲನ್ನೂ ಅವನೇ ನೋಡಿಕೊಂಡಿದ್ದ.

ಬಾಟಲಿಗಳ ಟ್ರೇ ಹಿಡಿದು ಇದ್ದಿಲಿನ ಟ್ಯಾಂಕಿನ ಹತ್ತಿರ ಹೋದೆ. ಸ್ಯಾಂಪಲ್ ತೆಗೆಯುವ ನಲ್ಲಿಯನ್ನು ತಿರುಗಿಸಿದ ಕೂಡಲೇ ಮೂಗಿಗೆ ಚುರುಕ್ ಎಂದಿತು. ಹೊಸದಾಗಿ ಕೆಲಸಕ್ಕೆ ಸೇರಿದಾಗ ಬರುತ್ತಿದ್ದ ವಾಸನೆ.

"ಮೂಗಣ್ಣ, ಇಲ್ಲಿ ಓಝೋನ್ ವಾಸನೆ ಬರ್ತಿದೆ."

ಅವನು ಬಂದು ಬಗ್ಗಿ, ಎರಡು ಸಲ ದೀರ್ಘವಾಗಿ ಉಸಿರೆಳೆದುಕೊಂಡ. "ಏನೂ ಇಲ್ವಲ್ಲ ತಾಯಿ."

"ಇದೆ."

"ಹದಿನಾಲ್ಕು ವರ್ಷದ ಮೂಗು ಸುಳ್ಳು ಹೇಳುತ್ತಾ? ನಿನಗೆ ನಿದ್ದೆ ಇಲ್ಲ, ಊಟ ಇಲ್ಲ. ಏನೇನೋ ಅನ್ಸುತ್ತೆ."

ಲ್ಯಾಬಿಗೆ ಬಂದು ಪರೀಕ್ಷೆ ಮಾಡಿದೆ. ಓಝೋನ್: ಇಲ್ಲ. ಪುಸ್ತಕದಲ್ಲಿ ಹಾಗೇ ಬರೆದೆ. ಆದರೆ ಮೆಂಬ್ರೇನ್ ದಾಟಿ ಬಂದ ನೀರಿನ ಮಬ್ಬು 0.19 ಇತ್ತು. ನನ್ನ ಕೈಬರಹದ ಹಳೆಯ ಪುಟಗಳಲ್ಲಿ 0.05, 0.05, ಆಮೇಲೆ 0.07. ಮೂಗಣ್ಣನ ಕೈಬರಹದಲ್ಲಿ 0.11, 0.14. ನಿಯಮದ ಮಿತಿ 0.3. ಮಿತಿಯೊಳಗೇ ಇದ್ದದ್ದರಿಂದ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಹಾಲಿಗೆ ಹೋಗಿ ಒತ್ತಡದ ಪುಸ್ತಕ ತೆಗೆದೆ. ದಿನಾ ಬೆಳಿಗ್ಗೆ ಒಂದೊಂದು ಸಿಲಿಂಡರಿಗೂ ಹದಿನೈದು ಪೌಂಡ್ ಗಾಳಿ ತುಂಬಿ ಐದು ನಿಮಿಷ ಬಿಡುತ್ತಾರೆ. ಎಳೆಗಳೆಲ್ಲ ಗಟ್ಟಿಯಾಗಿದ್ದರೆ ಗಾಳಿ ನಿಲ್ಲುತ್ತದೆ. ಹರಿದಿದ್ದರೆ ಸೋರುತ್ತದೆ. ಒಂದು ತಿಂಗಳ ಹಿಂದೆ ಅಂಕಿಗಳು 14.6, 14.7, 14.5 ಎಂದು ಏರಿಳಿಯುತ್ತಿದ್ದವು. ಆಮೇಲೆ 14.8. ಮಾರನೆಯ ದಿನ 14.8. ಆರು ಸಿಲಿಂಡರಿಗೂ, ದಿನಾ 14.8. ಇಪ್ಪತ್ತನಾಲ್ಕು ದಿನ. ಮೊದಲ ಹದಿಮೂರು ದಿನ ನನ್ನ ಗಂಡನ ಸಹಿ, ಆಮೇಲಿನ ಹನ್ನೊಂದು ದಿನ ಮೂಗಣ್ಣನದು.

ಜ್ವರವಿಲ್ಲದವರ ಮೈಶಾಖವೂ ಹಾಗೆ ಒಂದೇ ಅಂಕಿಗೆ ನಿಲ್ಲುವುದಿಲ್ಲ. ಪುಸ್ತಕ ಮುಚ್ಚಿಟ್ಟೆ.

ಸಂಜೆ ಮನೆಗೆ ಬಂದಾಗ ಅತ್ತೆ ಗೂಟದಲ್ಲಿದ್ದ ನನ್ನ ಗಂಡನ ಚೀಲವನ್ನು ಕೈಯಲ್ಲಿ ಹಿಡಿದು ನಿಂತಿದ್ದರು.

"ಇದರಲ್ಲಿ ಊಟದ ಡಬ್ಬಿ ಇರ್ಬೇಕು. ಹನ್ನೊಂದು ದಿನ ಆಯ್ತು. ನನ್ನ ಕೈಲಿ ತೆಗಿಯೋಕಾಗಲ್ಲ, ನೀನೇ ತೆಗಿ."

ಹಿತ್ತಲಿಗೆ ಒಯ್ದು ತೆಗೆದೆ. ಡಬ್ಬಿಯನ್ನು ಮೂರು ಸಲ ತೊಳೆದೆ. ಅದರ ಕೆಳಗೆ ಒರೆಸುವ ಬಟ್ಟೆಯಲ್ಲಿ ಸುತ್ತಿದ್ದ ಒಂದು ಗಾಳಿ ಮೀಟರ್ ಇತ್ತು, ವಾಹನಗಳ ಟೈರಿಗೆ ಇಟ್ಟು ನೋಡುವಂಥದು. ಹಿಂಭಾಗಕ್ಕೆ ಅಂಟಿಸಿದ್ದ ಪಟ್ಟಿಯ ಮೇಲೆ ಒಂದು ಫೋನ್ ನಂಬರ್. ನಮಗೆ ಗಾಡಿ ಇರಲಿಲ್ಲ. ಫೋನ್ ಮಾಡಿದೆ.

"ಹಲೋ, ಪಂಚರ್ ಶಾಪು."

"ನಿಮ್ಮ ಗಾಳಿ ಮೀಟರ್ ನಮ್ಮನೇಲಿದೆ. ನೀರಿನ ಕೇಂದ್ರದವರು ತಂದಿದ್ರು..."

"ಓ! ಸಿಕ್ತಾ ಅಂತೂ! ಹನ್ನೆರಡು ದಿನ ಆಯ್ತು. ಒಂದೇ ದಿನ ಅಣ್ಣ, ನಾಳೆ ಕೊಡ್ತೀನಿ ಅಂದೋರು ಪತ್ತೇನೇ ಇಲ್ವಲ್ಲಮ್ಮ. ನೀರಿನವ್ರು ನೀರಲ್ಲೇ ಹೋದ್ರು ಅಂತ ನಾವಿಲ್ಲಿ ತಮಾಷೆ ಮಾಡ್ತಿದ್ವಿ. ಎಲ್ಲಿ, ಕೊಡಿ ಅವರ ಕೈಗೆ ಫೋನು."

"ಅವರು ತೀರಿಕೊಂಡರು."

ಆ ಕಡೆ ಗಾಳಿ ತುಂಬುವ ಯಂತ್ರದ ಸದ್ದು ಕೇಳುತ್ತಿತ್ತು. ಯಾರೋ ಅದನ್ನು ನಿಲ್ಲಿಸಿದರು.

"ಯಾವಾಗಮ್ಮ?"

"ನಿಮ್ಮ ಹತ್ರದಿಂದ ಇದನ್ನ ತಂದ ಮಾರನೇ ದಿನ. ಯಾಕೆ ತಂದಿದ್ರು ಅಂತ ಏನಾದ್ರೂ ಹೇಳಿದ್ರಾ?"

"ಹೇಳಿದ್ರು. ನಮ್ಮ ಮೀಟರ್ ಮುಳ್ಳು ಯಾಕೋ ಸೋಮಾರಿ ಆದಂಗಿದೆ, ನಿಮ್ದನ್ನ ಪಕ್ಕದಲ್ಲಿಟ್ಟು ನೋಡ್ತೀನಿ ಅಂದ್ರು." ಆಮೇಲೆ, "ತಮಾಷೆ ಮಾಡಿದ್ದಕ್ಕೆ ಬೇಜಾರಾಗ್ಬೇಡಿ ತಾಯಿ" ಎಂದರು.

"ಇಲ್ಲ. ಇದು ನನಗೆ ಇನ್ನೂ ಕೆಲವು ದಿನ ಬೇಕು."

"ಇಟ್ಕೊಳ್ಳಿ, ಇಟ್ಕೊಳ್ಳಿ. ಬೇರೆ ಒಂದಿದೆ. ಅದು ಎರಡು ಪೌಂಡ್ ಜಾಸ್ತಿ ತೋರಿಸುತ್ತೆ, ಗಿರಾಕಿಗಳು ಖುಷಿಯಾಗೇ ಹೋಗ್ತಾರೆ."

ಮಾರನೆಯ ಬೆಳಿಗ್ಗೆ ಮೂಗಣ್ಣನನ್ನು ಕರೆದುಕೊಂಡು ಹಾಲಿಗೆ ಹೋದೆ. ಗಾಳಿಯ ಪೈಪಿಗೆ ಈ ಮೀಟರನ್ನು ಎಲ್ಲಿ ಹಚ್ಚುವುದು ಎಂದು ಯೋಚಿಸುತ್ತ ಹೋಗಿದ್ದೆ. ಯೋಚಿಸಬೇಕಿರಲಿಲ್ಲ. ಪೈಪಿನ ಒಂದು ಕಡೆ ಟೈರಿನ ಟ್ಯೂಬಿಗೆ ಇರುವಂಥ ವಾಲ್ವ್ ಕೂರಿಸಿ ತಂತಿ ಬಿಗಿದಿತ್ತು. ತಂತಿಯ ತುದಿ ಒಳಕ್ಕೆ ಮಡಚಿತ್ತು. ಯಾರಿಗೂ ಕೈ ತರಚಬಾರದೆಂದು ಅವರು ಯಾವಾಗಲೂ ಹಾಗೆ ಮಡಚುತ್ತಿದ್ದರು.

"ಇದು ಯಾವಾಗ ಬಂತು?" ಎಂದ ಮೂಗಣ್ಣ.

ಎರಡನೆಯ ಸಿಲಿಂಡರಿಗೆ ಗಾಳಿ ತುಂಬಿದೆವು. ಎರಡು ಮೀಟರೂ ಹದಿನೈದು ತೋರಿಸಿದವು. ಐದು ನಿಮಿಷ ಕಾದೆವು. ನಮ್ಮ ಮೀಟರ್ 14.8ಕ್ಕೆ ಇಳಿದು ನಿಂತಿತ್ತು. ಪಂಚರ್ ಶಾಪಿನದು ಹನ್ನೊಂದು ತೋರಿಸಿತು.

"ಇದು ಗಾಡಿ ಮೀಟರು ತಂಗೀ. ಇದನ್ನ ನಂಬೋಕಾಗುತ್ತಾ?"

ಸ್ಪ್ಯಾನರ್ ತೆಗೆದುಕೊಂಡು ನಮ್ಮ ಮೀಟರಿನ ಪಕ್ಕಕ್ಕೆ ಒಂದು ಸಲ ತಟ್ಟಿದೆ. ಮುಳ್ಳು ನಡುಗಿ, ಜಾರಿ, ಹನ್ನೊಂದಕ್ಕೆ ಬಂದು ನಿಂತಿತು. ಗಾಳಿಯನ್ನು ಒಮ್ಮೆಲೇ ಬಿಟ್ಟಾಗ ಅದು ಸರಿಯಾಗಿ ಕೆಳಗಿಳಿಯುತ್ತಿತ್ತು. ನಿಧಾನವಾಗಿ ಸೋರಿದರೆ ಮಾತ್ರ ಅಂಟಿಕೊಂಡು ಕೂರುತ್ತಿತ್ತು. ಅದಕ್ಕೇ ಯಾರಿಗೂ ಅನುಮಾನ ಬಂದಿರಲಿಲ್ಲ.

ಮೂಗಣ್ಣ ಅಲ್ಲೇ ಇದ್ದ ಬಕೆಟ್ ಬೋರಲು ಹಾಕಿ ಕೂತ. "ಹನ್ನೊಂದು ದಿನ ನಾನು ಸಹಿ ಹಾಕಿದೀನಿ."

ನಾಲ್ಕನೆಯ ಸಿಲಿಂಡರೂ ಸೋರುತ್ತಿತ್ತು. ಉಳಿದ ನಾಲ್ಕು ಸರಿ ಇದ್ದವು. ಸೋರುವ ಎರಡನ್ನೂ ಆಗಲೇ ಬಂದ್ ಮಾಡಿದೆವು.

ಎಳೆಗಳು ಹರಿದದ್ದು ಏಕೆಂದು ನನಗೆ ಅಂದಾಜಾಗಿತ್ತು. ಆದರೂ ನೋಡಬೇಕಿತ್ತು. ಐದಾರು ವಾರದ ಹಿಂದೆ ಕಾರ್ಖಾನೆಯವರು ಕಡುಗೆಂಪು ನೀರು ಬಿಟ್ಟಾಗ ನಾವು ಓಝೋನ್ ಪ್ರಮಾಣ ಹೆಚ್ಚಿಸಿದ್ದೆವು. ಇದ್ದಿಲು ಹಳೆಯದು. ಉಳಿದ ಓಝೋನ್ ಅದರಲ್ಲಿ ಇಂಗುತ್ತಿದೆಯೇ ಎಂದು ನೋಡಲು ನಾನು ದಿನಾ ಪರೀಕ್ಷೆ ಮಾಡುತ್ತಿದ್ದೆ. ಸ್ಯಾಂಪಲ್ ನೀರಿಗೆ ನೀಲಿ ದ್ರಾವಣ ಹಾಕಬೇಕು. ಓಝೋನ್ ಇದ್ದರೆ ನೀಲಿ ಮಾಸುತ್ತದೆ. ಪುಸ್ತಕದಲ್ಲಿ ಎಲ್ಲ ದಿನವೂ ನನ್ನ ಅಕ್ಷರದಲ್ಲಿ ಒಂದೇ ಪದ: ಇಲ್ಲ.

ಈ ಸಲ ನೀಲಿಯನ್ನು ಬಾಟಲಿಗೆ ಮೊದಲೇ ಹಾಕಿಕೊಂಡು ನಲ್ಲಿಯ ಹತ್ತಿರ ಹೋದೆ. ನೀರು ತುಂಬುತ್ತಿದ್ದಂತೆ ಬಣ್ಣ ತೆಳುವಾಯಿತು. ಬಾಟಲಿಯನ್ನು ಬಿಳಿ ಗೋಡೆಯ ಮುಂದೆ ಹಿಡಿದು ನೋಡಿದೆ. ನೀಲಿ ಎನ್ನುವಂಥದು ಉಳಿದಿರಲಿಲ್ಲ.

ಓಝೋನ್ ನೀರಿನಲ್ಲಿ ಹೆಚ್ಚು ಹೊತ್ತು ಬಾಳುವುದಿಲ್ಲ. ನಲ್ಲಿಯ ಬಳಿಯೇ ನೀಲಿ ಹಾಕಬೇಕು, ಇದು ನಿಯಮ. ಕಾಲೇಜಿನಲ್ಲೂ ಕಲಿತದ್ದು, ಇಲ್ಲಿಯ ಗೋಡೆಯ ಮೇಲೂ ಬರೆದಿದೆ. ಮೊದಲ ವರ್ಷ ಹಾಗೇ ಮಾಡಿದೆ. ಆಮೇಲೆ ಎಲ್ಲ ನಲ್ಲಿಗಳ ಬಾಟಲಿಗಳನ್ನೂ ಒಟ್ಟಿಗೆ ತುಂಬಿಕೊಂಡು, ಲ್ಯಾಬಿಗೆ ತಂದು, ಒಟ್ಟಿಗೆ ಪರೀಕ್ಷಿಸತೊಡಗಿದೆ. ನಲ್ಲಿಯಿಂದ ಲ್ಯಾಬಿಗೆ ಎರಡು ಮಹಡಿ, ಒಂದು ಉದ್ದ ಓಣಿ. ಇದ್ದ ಚೂರು ಓಝೋನ್ ದಾರಿಯಲ್ಲೇ ಹಾರಿಹೋಗುತ್ತಿತ್ತು. ಹೀಗೆ ಮಾಡಿದರೆ ಅರ್ಧ ಗಂಟೆ ಉಳಿಯುತ್ತಿತ್ತು. ಆ ಅರ್ಧ ಗಂಟೆ ನಾನೂ ನನ್ನ ಗಂಡನೂ ಲ್ಯಾಬಿನ ಕಿಟಕಿಯ ಹತ್ತಿರ ಟೀ ಕುಡಿಯುತ್ತಿದ್ದೆವು.

ಹಿಂದಿನ ದಿನ ವಾಸನೆ ನನಗೆ ಮಾತ್ರ ಬಂದದ್ದು ನಾನು ಹತ್ತು ದಿನ ಮನೆಯಲ್ಲಿ ಇದ್ದದ್ದರಿಂದ. ದಿನಾ ಉಸಿರಾಡುವವರ ಮೂಗಿಗೆ ಅದು ಗೊತ್ತಾಗುವುದಿಲ್ಲ. ಮೂಗಣ್ಣನಿಗೆ ಅದನ್ನು ಹೇಳಿದೆ.

"ಅಂದ್ರೆ ನನ್ನ ಮೂಗು..."

"ಎಲ್ಲರದೂ ಅಷ್ಟೇ ಅಣ್ಣ."

"ಇನ್ನು ನನ್ನ ಏನಂತ ಕರೀತೀರಿ?" ಎಂದ. ನಗಿಸಲು ಹೇಳಿದ್ದಿರಬೇಕು. ಇಬ್ಬರಿಗೂ ನಗು ಬರಲಿಲ್ಲ.

ಮ್ಯಾನೇಜರ್ ನಮ್ಮ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಮೂಗಣ್ಣನನ್ನು ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದರು.

"ನೋಡಮ್ಮ, ಎರಡು ಸಿಲಿಂಡರ್ ಬಂದ್ ಆಯ್ತಲ್ಲ. ಓಝೋನ್ ಇವತ್ತೇ ಇಳಿಸ್ತೀನಿ, ಇದ್ದಿಲು ಬದಲಾಯಿಸ್ತೀನಿ, ಹೊಸ ಮೀಟರ್ ತರಿಸ್ತೀನಿ. ಸದ್ದಿಲ್ಲದೆ ಮುಗಿಸೋಣ."

"ಕುದಿಸಿ ಕುಡೀರಿ ಅಂತ ಜನಕ್ಕೆ ಹೇಳ್ಬೇಕು ಸರ್. ಗಟ್ಟಿ ಚಿಪ್ಪಿರೋ ಕ್ರಿಮಿಗಳು ಕ್ಲೋರಿನ್‌ಗೆ ಸಾಯಲ್ಲ. ಅವನ್ನ ತಡೆಯೋದು ಮೆಂಬ್ರೇನೇ. ಹರಿದ ಎಳೇಲಿ ಎಷ್ಟು ಹೋಗಿದೆಯೋ ಗೊತ್ತಿಲ್ಲ. ಮನೆಗಳ ಟ್ಯಾಂಕಲ್ಲಿ ಇನ್ನೂ ಅದೇ ನೀರಿದೆ. ಆಸ್ಪತ್ರೇಲೂ ಇದೆ."

"ಯಾರಿಗಾದ್ರೂ ಏನಾದ್ರೂ ಆಗಿದ್ಯಾ?"

"ಯಾರೂ ಕೇಳಿಲ್ಲ ಸರ್."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕುದಿಸಿ ಅಂದ್ರೆ ಯಾಕೆ ಅಂತ ಕೇಳ್ತಾರೆ. ಕಾರಣ ಬರವಣಿಗೇಲಿ ಕೊಡ್ಬೇಕು. ಪುಸ್ತಕ ಮೇಲಕ್ಕೆ ಹೋಗುತ್ತೆ. ಅದರಲ್ಲಿ ಮೊದಲು ಕಾಣೋದು ಯಾರ ಸಹಿ? ಬದುಕಿರೋರು ಏನಾದ್ರೂ ಹೇಳ್ಕೋಬಹುದು. ಅವನ ಪರವಾಗಿ ಮಾತಾಡೋರು ಯಾರು? ಎಲ್ಲ ಅವನ ತಲೆಗೇ ಕಟ್ತಾರೆ. ಮೊನ್ನೆ ಮೊನ್ನೆ ಹೋದೋನು... ನಾನು ನಿನಗೋಸ್ಕರಾನೇ ಹೇಳ್ತಿರೋದು."

ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ನನ್ನ ಗಂಡನೆಂದರೆ ಇಷ್ಟವಿತ್ತು. ತಮ್ಮ ಕುರ್ಚಿಯೆಂದರೂ ಇಷ್ಟವಿತ್ತು.

"ಎರಡು ಗಂಟೆಯೊಳಗೆ ಹೇಳ್ತೀನಿ" ಎಂದೆ.

ಮನೆಗೆ ಹೋದೆ. ಅತ್ತೆ ತರಕಾರಿ ಹೆಚ್ಚುತ್ತಿದ್ದರು. ಎದುರಿಗೆ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಕೈ ನಿಲ್ಲಿಸದೆ ಕೇಳಿದರು.

"ಹದಿಮೂರು ದಿನ ಅವನು ಸುಳ್ಳು ಬರೆದ ಅಂತೀಯಾ?"

"ಸುಳ್ಳಲ್ಲ ಅತ್ತೆ. ಮೀಟರ್ ತೋರಿಸಿದ್ದನ್ನ ಬರೆದ್ರು."

"ಓದೋರಿಗೆ ಆ ವ್ಯತ್ಯಾಸ ಗೊತ್ತಾಗುತ್ತಾ?"

"ಗೊತ್ತಾಗಲ್ಲ."

"ಅವನಿಗೆ ಗೊತ್ತಾಗ್ಲಿಲ್ವಾ? ಅಷ್ಟು ದಿನ?"

"ಕೊನೇ ದಿನ ಅನುಮಾನ ಬಂದಿತ್ತು. ಬೇರೆ ಮೀಟರ್ ತಂದಿದ್ರು."

ಕತ್ತಿ ನಿಂತಿತು. "ಅಲ್ಲ, ಆ ಎಳೆಗಳು ಹರಿದಿದ್ದಾದ್ರೂ ಯಾಕೆ?"

ನೀಲಿ ದ್ರಾವಣದ ವಿಷಯ ಹೇಳಿದೆ. ಅರ್ಧ ಗಂಟೆಯ ವಿಷಯವನ್ನೂ ಹೇಳಿದೆ. ಬಿಟ್ಟುಬಿಡಬಹುದಿತ್ತು.

"ಟೀ ಕುಡಿಯೋಕಾ?" ಎಂದರು. "ಮನೇಲಿ ಟೀ ಸಿಗ್ತಿರ್ಲಿಲ್ವೇನೇ ನಿಮಗೆ?"

"ಮನೇಲಿ ನೀವಿರ್ತಿದ್ರಿ."

ಅವರು ನನ್ನ ಮುಖವನ್ನೇ ನೋಡಿದರು. ಹನ್ನೆರಡು ದಿನದಲ್ಲಿ ನಾವಿಬ್ಬರೂ ಹಾಗೆ ನೇರವಾಗಿ ನೋಡಿಕೊಂಡಿರಲಿಲ್ಲ. ಅವರ ತುಟಿ ಒಂದು ಕಡೆಗೆ ಎಳೆದುಕೊಂಡಿತು. ನಗುವೋ ಅಳುವೋ ತಿಳಿಯಲಿಲ್ಲ.

"ಕೆಳಗಿನ ಮನೆ ಮಗು ನಾಲ್ಕು ದಿನದಿಂದ ಭೇದಿ ಅಂತ ಮಲಗಿದೆ" ಎಂದರು ಆಮೇಲೆ. "ನಿಮ್ಮ ನೀರಿಂದಾನೋ ಅಲ್ವೋ, ನನಗೇನು ಗೊತ್ತು."

"ನನಗೂ ಗೊತ್ತಿಲ್ಲ."

"ಬರಿ. ಆದ್ರೆ ಅವನೊಬ್ಬನ ಹೆಸರು ಬರೆದು ನೀನು ಕೈ ತೊಳ್ಕೋಬೇಡ. ನಿನ್ನದೂ ಬರಿ."

"ಬರೀತೀನಿ."

"ಊಟ ಮಾಡ್ಕೊಂಡು ಹೋಗು."

ಮಾಡಿದೆ. ಕೆಳಗಿನ ಮನೆಯ ಬಾಗಿಲು ತಟ್ಟಿ, ಮಗುವಿಗೆ ಕುದಿಸಿ ಆರಿಸಿದ ನೀರನ್ನೇ ಕೊಡಿ, ಡಾಕ್ಟರಿಗೂ ನೀರಿನ ವಿಷಯ ಹೇಳಿ ಎಂದು ತಿಳಿಸಿ ಲ್ಯಾಬಿಗೆ ಬಂದೆ.

ವರದಿ ಒಂದೂವರೆ ಪುಟ ಆಯಿತು. ಇಪ್ಪತ್ತನಾಲ್ಕು ದಿನಗಳ ದಿನಾಂಕ. ಒತ್ತಡದ ಅಂಕಿಗಳು ತಪ್ಪು. ಸಹಿ ಮಾಡಿದವರು ಇಬ್ಬರು, ಹೆಸರು ಇಂತಿಂಥವು. ಓಝೋನ್ ಪರೀಕ್ಷೆ ಮಾಡಿದ ವಿಧಾನ ತಪ್ಪು, ಮಾಡಿದವಳು ನಾನು. ಇಷ್ಟನ್ನು ಬರೆಯುವಾಗ ಕೈ ಎಲ್ಲೂ ನಿಲ್ಲಲಿಲ್ಲ. ನಿಂತದ್ದು ಒಂದೇ ವಾಕ್ಯಕ್ಕೆ. 'ಮೃತರು ದೋಷವನ್ನು ಅರಿತು ಅದನ್ನು ಸರಿಪಡಿಸಲು ಹೊರಟಿದ್ದರು' ಎಂದು ಬರೆದಿದ್ದೆ. ಓದಿ ನೋಡಿದೆ. ಅವರಿಗೆ ಎಷ್ಟು ಅರಿವಾಗಿತ್ತು, ಮಾರನೆಯ ದಿನ ಏನು ಮಾಡುತ್ತಿದ್ದರು ಎಂಬುದು ನನಗೆ ತಿಳಿದಿರಲಿಲ್ಲ. ಹೊಡೆದುಹಾಕಿ, 'ಗಾಳಿಯ ಪೈಪಿಗೆ ಹೊಸ ವಾಲ್ವ್ ಕೂರಿಸಿದೆ. ಮರಣದ ಹಿಂದಿನ ದಿನ ಮೃತರು ಹೊರಗಿನಿಂದ ಇನ್ನೊಂದು ಮೀಟರ್ ಎರವಲು ತಂದಿದ್ದಾರೆ' ಎಂದಷ್ಟೇ ಬರೆದೆ.

ಮೂಗಣ್ಣ ಕೆಳಗೆ ಸಹಿ ಹಾಕಿದ. ಮ್ಯಾನೇಜರ್ ಎರಡು ಸಲ ಓದಿ, ನನ್ನ ಕಡೆ ನೋಡದೆ ಮೊಹರು ಒತ್ತಿದರು. ಮೊದಲು ಆಸ್ಪತ್ರೆಗೆ ಫೋನ್ ಹೋಯಿತು. ನಾಲ್ಕು ಗಂಟೆಗೆ ಮೈಕಿನ ವ್ಯಾನ್ ಏಳು ಬೀದಿಗಳಲ್ಲೂ ಹೊರಟಿತು: ಮುಂದಿನ ಸೂಚನೆಯವರೆಗೆ ನೀರನ್ನು ಕುದಿಸಿ ಕುಡಿಯಿರಿ.

ರಿಪೇರಿಗೆ ಎಂಟು ದಿನ ಹಿಡಿಯಿತು. ಎರಡೂ ಸಿಲಿಂಡರ್ ಬಿಚ್ಚಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಬಿಟ್ಟೆವು. ಗುಳ್ಳೆ ಎದ್ದ ಎಳೆಯ ಬಾಯಿ ಮುಚ್ಚಲು ಒಂದೊಂದು ಸಣ್ಣ ಮೊಳೆ ಹೊಡೆದೆವು. ಹರಿದ ಎಳೆಗಳು ನಲವತ್ತೊಂದು. ಹೊಸ ಮೀಟರ್ ಎಲ್ಲಕ್ಕಿಂತ ಕೊನೆಗೆ ಬಂತು, ಅಲ್ಲಿಯವರೆಗೆ ಪಂಚರ್ ಶಾಪಿನದರಲ್ಲೇ ದಿನಾ ಅಳೆದೆವು. ಇದ್ದಿಲು ಬದಲಾಯಿತು. ನಾನು ನೀಲಿ ಬಾಟಲಿ ಹಿಡಿದು ದಿನಕ್ಕೆ ಮೂರು ಸಲ ಎರಡು ಮಹಡಿ ಇಳಿದು ಹತ್ತಿದೆ.

ಆಸ್ಪತ್ರೆಯವರು ಕೊಟ್ಟ ಪಟ್ಟಿಯಲ್ಲಿ ಆ ದಿನಗಳಲ್ಲಿ ಭೇದಿಯೆಂದು ಬಂದವರು ಎಂದಿಗಿಂತ ಒಂಬತ್ತು ಮಂದಿ ಹೆಚ್ಚು. ಎಲ್ಲರೂ ಗುಣವಾದರು, ಕೆಳಗಿನ ಮನೆಯ ಮಗುವೂ. ಅದರ ತಾಯಿ ಮಾತ್ರ ಮೆಟ್ಟಿಲ ಮೇಲೆ ಎದುರಾದಾಗ, "ಗಂಡ ಹೆಂಡ್ತಿ ಇಬ್ಬರೂ ಅಲ್ಲೇ ಇದ್ರಿ, ಒಬ್ಬರಿಗಾದ್ರೂ ಕಣ್ಣು ಕಾಣ್ಲಿಲ್ವಾ?" ಎಂದು ಕೇಳಿದಳು. ಉತ್ತರವನ್ನು ಮೇಲಿನಿಂದ ಅತ್ತೆ ಕೊಟ್ಟರು. "ಕಂಡಿದ್ದಕ್ಕೇ ಕಣೇ ನಿನಗೆ ಬಂದು ಹೇಳಿದ್ದು!"

ಮೇಲಧಿಕಾರಿಗಳಿಂದ ಪತ್ರ ಬಂತು. ನನಗೂ ಮೂಗಣ್ಣನಿಗೂ ಎಚ್ಚರಿಕೆ. ನನ್ನ ಗಂಡನ ಹೆಸರಿನ ಮುಂದೆ 'ನಿರ್ಲಕ್ಷ್ಯ' ಎಂದಿತ್ತು, ಆವರಣದಲ್ಲಿ 'ಮೃತ' ಎಂದಿತ್ತು. ವಾಲ್ವಿನ ವಿಷಯವಾಗಲಿ ಎರವಲು ಮೀಟರಿನ ವಿಷಯವಾಗಲಿ ಇರಲಿಲ್ಲ. ಅತ್ತೆಗೆ ಓದಿ ಹೇಳಿದೆ. ಇನ್ನೊಂದು ಸಲ ಓದು ಎಂದರು. ಓದಿದೆ. ಪತ್ರವನ್ನು ತೆಗೆದುಕೊಂಡು ಹೋಗಿ ತಮ್ಮ ಸೀರೆಗಳ ಕೆಳಗೆ ಇಟ್ಟುಕೊಂಡರು.

ಮಾರನೆಯ ದಿನ ಕೆಲಸ ಮುಗಿಸಿಕೊಂಡು ಪಂಚರ್ ಶಾಪಿಗೆ ಹೋದೆ. ಮುಖ್ಯರಸ್ತೆಯ ತಿರುವಿನಲ್ಲಿ ಒಂದೇ ಬಾಗಿಲಿನ ಅಂಗಡಿ. ಐವತ್ತು ದಾಟಿದ ಮನುಷ್ಯ, ಮುಂಗೈವರೆಗೆ ಕಪ್ಪು, ಕಾರಿನ ಚಕ್ರವೊಂದನ್ನು ತೊಟ್ಟಿಯಲ್ಲಿ ತಿರುಗಿಸುತ್ತಿದ್ದರು. ನನ್ನ ಕೈಯಲ್ಲಿದ್ದ ಮೀಟರ್ ನೋಡಿ ಎದ್ದು ನಿಂತರು.

"ನೀವೇನಾ ಅಮ್ಮ? ಕೂತ್ಕೊಳ್ಳಿ." ಸ್ಟೂಲಿನ ಮೇಲಿದ್ದ ಟ್ಯೂಬು ಎತ್ತಿ ಎಸೆದರು. ನಾನು ಕೂರಲಿಲ್ಲ.

"ತಡವಾಯ್ತು. ರಿಪೇರಿ ಮುಗಿಯೋವರೆಗೂ ಇದೇ ಬೇಕಾಗಿತ್ತು."

"ಮೈಕಲ್ಲಿ ಕೂಗ್ಕೊಂಡು ಹೋದಾಗ್ಲೇ ಅಂದ್ಕೊಂಡೆ, ಇದು ಆ ಸೋಮಾರಿ ಮುಳ್ಳಿನ ಕತೇನೇ ಅಂತ." ಮೀಟರನ್ನು ಅಂಗಿಗೆ ಒರೆಸಿಕೊಂಡರು. "ಯಾರ ತಪ್ಪಂತೆ ಕೊನೆಗೆ?"

"ನಮ್ಮದು. ನನ್ನದು, ಅವರದು, ಇನ್ನೊಬ್ಬರದು."

"ನನ್ನ ಮೀಟರ್ದಲ್ಲ ತಾನೆ?"

"ಅಲ್ಲ. ಸರಿಯಾಗಿ ತೋರಿಸಿತು."

ಅವರು ತಲೆಯಾಡಿಸಿದರು. ಮೀಟರನ್ನು ಕೈಯಲ್ಲಿ ಒಂದೆರಡು ಸಲ ಹೊರಳಿಸಿದರು. ಅಷ್ಟರಲ್ಲಿ ಹಿಂದೆ ಒಂದು ವ್ಯಾನ್ ಬಂದು ಹಾರ್ನ್ ಮಾಡಿತು.

"ನಾಲ್ಕೂ ನೋಡ್ಬೇಕಾ?" ಎಂದು ಚಾಲಕನಿಗೆ ಕೂಗಿ, ಮೀಟರ್ ಹಿಡಿದು ಮುಂದಿನ ಚಕ್ರದ ಹತ್ತಿರ ಕುಕ್ಕರುಗಾಲಿನಲ್ಲಿ ಕೂತರು.

ನಾನು ರಸ್ತೆ ದಾಟಿದೆ.